ಭಾಸ್ಕರ ಸಾಹೇಬರ ಒಂದೇ ತಪ್ಪು

ರೇಂಜರ್ ಭಾಸ್ಕರ ತೀರಿಕೊಂಡು ವರ್ಷವಾಯಿತೆಂದು ಹಳೆಯ ಸಹೋದ್ಯೋಗಿಗಳು ಕಾರವಾರದಲ್ಲಿ ಒಂದು ಸಭೆ ಇಟ್ಟಿದ್ದರು. ಸತ್ತವರ ಬಗ್ಗೆ ಮಾತಾಡುವಾಗ ನಮ್ಮ ಜನ ಉಪ್ಪು ಹುಳಿ ಬಿಟ್ಟು ಬರೀ ಬೆಲ್ಲ ಹಾಕುತ್ತಾರೆ. ಕಡೆಗೆ ಫಾರೆಸ್ಟರ್ ಹರೀಶ ನಗುತ್ತ ಹೇಳಿದ:

"ಸಾಹೇಬ್ರ ಸರ್ವಿಸ್ಸಲ್ಲಿ ಒಂದೇ ತಪ್ಪು. ಜಪ್ತಿ ಮಾಡಿದ ಕತ್ತಿ ಕಳದ್ರು. ಆ ಕತ್ತಿ ಯಾರದ್ದೋ ಅವ್ರನ್ನೇ ಮದ್ವೆ ಆದ್ರು."

ಸಭೆ ಗೊಳ್ಳೆಂದಿತು. ಮುಂದಿನ ಸಾಲಿನಲ್ಲಿದ್ದ ಭಾಸ್ಕರನ ಹೆಂಡತಿ ಮಂದಾಕಿನಿ ಮಾತ್ರ ನಗಲಿಲ್ಲ. ಆ ಕತ್ತಿ ಕಳೆದೇ ಇರಲಿಲ್ಲ. ಮೂವತ್ತೆಂಟು ವರ್ಷ ಸಂಸಾರ ಮಾಡಿಯೂ ಅದನ್ನವಳು ಗಂಡನಿಗೆ ಹೇಳಿರಲಿಲ್ಲ.

ಆಗ ಅವಳು ಹಿಲ್ಲೂರಿನ ಹುಡುಗಿ, ಅವನು ಹೊಸ ಗಾರ್ಡ್. ಯಾರಾದರೂ ಹಸಿ ಮರ ಕಡಿದರೆ ಕತ್ತಿ ಕಿತ್ತುಕೊಳ್ಳುವುದು, ಎರಡು ದಿನ ಬಿಟ್ಟು ಬುದ್ಧಿ ಹೇಳಿ ಮನೆಗೇ ತಂದುಕೊಡುವುದು ಅವನ ಪದ್ಧತಿ. ಅವಳದ್ದನ್ನೂ ತಂದ. ಎಲ್ಲಿ ನೋಡಬೇಕೆಂದು ತಿಳಿಯದೆ ತುಳಸಿಕಟ್ಟೆಯನ್ನೇ ನೋಡುತ್ತ, "ನಿನ್ನ ಕತ್ತಿ" ಎಂದ. ಕಿವಿ ಕೆಂಪಾಗಿತ್ತು. ಇದನ್ನು ತೆಗೆದುಕೊಂಡರೆ ಈ ಮಾರಾಯ ಮತ್ತೆ ಇತ್ತ ತಲೆ ಹಾಕುವುದಿಲ್ಲ ಎಂದು ಅವಳಿಗೆ ಥಟ್ಟನೆ ಹೊಳೆಯಿತು.

"ಇದ್ ನಂದಲ್ಲ."

"ಅಲ್ದಾ? ಹಂಗಾರೆ ಇನ್ನೊಂದ್ ತರ್ತೆ."

ಹೀಗೆ ಆರು ಸಲ ಬಂದ, ಆರು ಕತ್ತಿ ತಂದ. ಪ್ರತಿ ಸಲವೂ ಅವಳು ಹಿಡಿ ತಿರುಗಿಸಿ ನೋಡಿ ಮೂಗು ಮುರಿಯುವಳು. ಅವನು ಮಜ್ಜಿಗೆ ಲೋಟದ ಅಂಚಿನ ಮೇಲಿಂದ ಅವಳನ್ನೇ ನೋಡುವನು. ಏಳನೆಯ ಸಲ ಬರಿಗೈಯಲ್ಲಿ ಬಂದ, ಜೊತೆಗೆ ತಾಯಿಯಿದ್ದಳು.

ಮದುವೆಯ ಮೇಲೆ ಬೆಳಂಬಾರದ ಮನೆಯಲ್ಲಿ ಅವನು ರೇಂಜರ್ ಗೀಂಜರ್ ಏನೂ ಅಲ್ಲ. ಕಾಡು ಸುತ್ತಿ ಬಂದು ಯೂನಿಫಾರ್ಮಿನಲ್ಲೇ ಮಗಳು ಭಾರತಿಯ ಜಡೆ ಹೆಣೆಯುತ್ತಿದ್ದ, ಮೀನನ್ನೂ ತಾನೇ ಕೊಯ್ಯುತ್ತಿದ್ದ. "ನಿನ್ನ ಕತ್ತಿ ಕಳ್ದ ಪಾಪಕ್ಕೆ" ಎನ್ನುತ್ತಿದ್ದ. ಮೊದಲು ಮನಸೋತವಳು ನಾನೇ ಎಂದು ಹೇಳಲು ಅವಳಿಗೆ ನಾಚಿಕೆ. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎನ್ನುವಷ್ಟರಲ್ಲಿ ಅವನು ಹೋಗಿಯೇ ಬಿಟ್ಟ. ಗೊತ್ತಾಗದೇ ಹೋದನಲ್ಲ ಎಂಬ ಸಂಕಟ ವರ್ಷವಿಡೀ ಅವಳನ್ನು ತಿಂದಿತ್ತು.

ಇವತ್ತಾದರೂ ಹೇಳಬೇಕು ಎಂದು ಎದ್ದು ಮೈಕ್ ಹಿಡಿದಳು.

"ತಪ್ಪು ಅವ್ರದ್ದಲ್ಲ. ಮೊದ್ಲನೇ ಸಲ ತಂದದ್ದೇ ನನ್ನ ಕತ್ತಿ. ಅವ್ರು ಮತ್ತೆ ಬರ್ಲಿ ಅಂತ ನಾನೇ ಸುಳ್ಳು ಹೇಳ್ದೆ. ಪಾಪ, ಗೊತ್ತಾಗ್ದೇ ಹೋದ್ರು."

ಹಿಂದಿನ ಸಾಲಿನಲ್ಲಿ ಹಿಲ್ಲೂರಿನಲ್ಲಿ ಭಾಸ್ಕರನ ಜೊತೆಗಿದ್ದ ಹಳೆಯ ವಾಚರ್ ಸುಬ್ಬ ಮೊಣಕಾಲು ಹಿಡಿದುಕೊಂಡು ಎದ್ದ.

"ಅಮ್ಮಾ, ಆ ವಾರ ಜಪ್ತಿ ಮಾಡಿದ್ದು ನಿಮ್ಮ ಕತ್ತಿ ಒಂದೇ. ಉಳದ ಐದೂ ನಮ್ಮನೇವು. 'ಸುಬ್ಬಾ, ಅವ್ಳು ಇವತ್ತೂ ನಂದಲ್ಲ ಅಂದ್ಲೋ, ಇನ್ನೊಂದ್ ಕೊಡೋ' ಅಂತ ಸಾಹೇಬ್ರು ಕುಣ್ಕಂತ ಬರ್ತಿದ್ರು."

ಮಂದಾಕಿನಿ ಹಾರ ಹಾಕಿದ ಫೋಟೋದತ್ತ ತಿರುಗಿದಳು. ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಮೈಕ್ ಕೈಯಲ್ಲೇ ಇರುವುದು ಮರೆತು, ಇಡೀ ಸಭೆಗೆ ಕೇಳುವಂತೆ ಗಂಡನಿಗೆ ಹೇಳಿದಳು:

"ಕಳ್ಳ. ಎಲ್ಲಾ ಗೊತ್ತಿತ್ತಾ ನಿಮ್ಗೆ?"