ಮಗ್ಗ ನಿಲ್ಲದ ಮಧ್ಯಾಹ್ನ

ಬನಹಟ್ಟಿಯ ಆ ಶೆಡ್ಡಿನಲ್ಲಿ ನಡುಮಧ್ಯಾಹ್ನ ದೀಪಗಳು ಮಂಕಾದವು. ಮಗ್ಗಗಳು ಮಾತ್ರ ನಿಲ್ಲಲಿಲ್ಲ. ಗೋಡೆಗೆ ಕೂರಿಸಿದ್ದ, ರೊಟ್ಟಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ಗುಂಯ್ ಎಂದಿತು. ಮಗ್ಗಗಳ ಓಟ ಕೂದಲೆಳೆಯಷ್ಟು ನಿಧಾನವಾಯಿತು, ಅಷ್ಟೆ. ಮಾಲೀಕರು ಕಸ್ತೂರಿಯ ಕೈಹಿಡಿದು ಕುಲುಕಿದರು. ಪೆಟ್ಟಿಗೆ ಅವಳದೇ ಸಂಶೋಧನೆ.

ಮಗ್ಗ ತಿರುಗಿಸುವ ಈ ಸಿಂಕ್ರೊನಸ್ ಮೋಟಾರುಗಳ ಸ್ವಭಾವವೇ ಹಾಗೆ. ಕರೆಂಟು ಸೆಕೆಂಡಿಗೆ ಎಷ್ಟು ಸಲ ಹೊಯ್ದಾಡುತ್ತದೋ ಆ ಆವರ್ತನಕ್ಕೆ ತಕ್ಕ ವೇಗದಲ್ಲೇ ಅವು ತಿರುಗುತ್ತವೆ. ವೋಲ್ಟೇಜು ಇಳಿದರೂ ವೇಗ ಇಳಿಯದು. ಒಳಗಿನ ಚಕ್ರ ಮಾತ್ರ ತನ್ನನ್ನು ಎಳೆದೊಯ್ಯುವ ಅಯಸ್ಕಾಂತದ ಸೆಳೆತಕ್ಕಿಂತ ತುಸು ಹಿಂದೆ ಬೀಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಿಂದೆ ಬೀಳುವುದು ಮಿತಿಮೀರಿದಾಗ ಹಿಡಿತ ತಪ್ಪುತ್ತದೆ, ಮೋಟಾರು ನಿಂತೇಬಿಡುತ್ತದೆ. ಕಸ್ತೂರಿಯ ಪೆಟ್ಟಿಗೆ ಅದನ್ನು ಮೊದಲೇ ಅರಿತು, ವೋಲ್ಟೇಜಿನ ಜೊತೆಗೆ ಆವರ್ತನವನ್ನೂ ಇಳಿಸಿ ಹಿಡಿತ ಉಳಿಸುತ್ತಿತ್ತು. ವರ್ಷ ಕಳೆಯುವುದರೊಳಗೆ ಊರಿನ ಎಲ್ಲ ಶೆಡ್ಡುಗಳಿಗೂ ಅದು ಬಂತು.

ಕಸ್ತೂರಿಯ ತಾಯಿ ಗುರವ್ವ ದುಡಿಯುತ್ತಿದ್ದುದೂ ಇದೇ ಶೆಡ್ಡಿನಲ್ಲಿ. ಪಕ್ಕದ ಮಗ್ಗ ಖಾತೂನಬಿಯದು. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಹೆಂಗಸರದೆಲ್ಲ ಕೈಸನ್ನೆ. ಎಳೆ ಹರಿದರೆ ಒಂದು, ನೀರು ಬೇಕಾದರೆ ಇನ್ನೊಂದು, ಮಾಲೀಕರು ಬಂದರೆ ಮೀಸೆ ತಿರುವುವುದು. ಮನಸ್ಸಿನ ಸಂಗತಿ ಮಾತ್ರ ಸನ್ನೆಗೆ ಸಿಗದು. ಅದಕ್ಕೆ ಕರೆಂಟು ಕೂರಬೇಕು, ಮಗ್ಗ ನಿಲ್ಲಬೇಕು. ಪೆಟ್ಟಿಗೆ ಬರುವ ಮುಂಚೆ ದಿನಾ ಮಧ್ಯಾಹ್ನ ವೋಲ್ಟೇಜು ಇಳಿದು ಮಗ್ಗಗಳು ನಿಂತಾಗ ಖಾತೂನಬಿ ನಿನ್ನೆ ಬಿಟ್ಟಲ್ಲಿಂದ ಮಾತು ಎತ್ತಿಕೊಳ್ಳುತ್ತಿದ್ದಳು. ಮಗಳ ಮದುವೆ ಮುರಿದದ್ದು, ಮತ್ತೆ ಕೂಡಿದ್ದು, ಎಲ್ಲವನ್ನೂ ಗುರವ್ವ ಹೀಗೆ ಕಂತುಕಂತಾಗಿಯೇ ಕೇಳಿದ್ದಳು. ಸಂಜೆಯಾದರೆ ಇಬ್ಬರಿಗೂ ಬೇರೆ ಬೇರೆ ಬಸ್ಸು ಹಿಡಿಯುವ ಅವಸರ.

ಪೆಟ್ಟಿಗೆ ಬಂದಾಗ ನೇಯ್ದಷ್ಟಕ್ಕೇ ಕೂಲಿ ಪಡೆಯುವ ಹೆಂಗಸರು ಹಿಗ್ಗಿದರು. ಗುರವ್ವನಂತೂ ನನ್ನ ಮಗಳದು ಎಂದು ಎದೆ ತಟ್ಟಿ ತೋರಿಸಿಕೊಂಡು ಬಂದಳು.

ಎರಡನೆಯ ಬೇಸಿಗೆಯಲ್ಲಿ ಖಾತೂನಬಿ ಮಗ್ಗದ ಬುಡದಲ್ಲೇ ಕುಸಿದಳು. ಮತ್ತೆ ಏಳಲಿಲ್ಲ. ಆಗಾಗ ಎದೆ ಹಿಡಿದಂತಾಗುತ್ತಿತ್ತೆಂದು ಡಾಕ್ಟರರ ಚೀಟಿಯಿಂದ ಆಮೇಲೆ ತಿಳಿಯಿತು, ಮನೆಯವರಿಗೆ ಹೇಳಿರಲಿಲ್ಲ. ಆ ದಿನವೂ ಅವಳು ನೇಯ್ದ ಬಟ್ಟೆ ಯಾರದ್ದಕ್ಕಿಂತಲೂ ಕಡಿಮೆಯಾಗಿರಲಿಲ್ಲ.

ಖಾತೂನಬಿಯ ಮಣ್ಣಿಗೆ ಹೋಗಿಬಂದ ಗುರವ್ವ ತಲೆಯ ಮೇಲೆ ನೀರು ಹೊಯ್ದುಕೊಂಡು ಬಂದು ಮಗಳ ಮುಂದೆ ಕೂತಳು.

"ವಾರದಿಂದ ಏನೋ ಹೇಳೂದೈತಿ ಅಂತ ಕೈ ಮಾಡ್ತಿದ್ಲವ್ವಾ," ಎಂದಳು. "ಕರೆಂಟ್ ಕುಂತಾಗ ಹೇಳು ಅಂತ ನಾನೂ ಕೈ ಮಾಡಿದೆ. ಆಕಿನೂ ಹೂಂ ಅಂದ್ಲು. ರೂಢಿ ನೋಡು. ಕರೆಂಟ್ ಎಲ್ಲಿ ಕುಂದರತೈತಿ ಈಗ? ಇಬ್ರಿಗೂ ಹೊಳಿಲಿಲ್ಲ."

"ನೀ ಶೆಡ್ಡಿನ ಹೊರಗರ ಕೇಳಬೇಕಿತ್ತವ್ವಾ."

"ಕೇಳಬೇಕಿತ್ತು." ಗುರವ್ವ ಸೆರಗು ಹಿಂಡಿದಳು. "ನಿನ್ನ ಡಬ್ಬಿ ಭಾರಿ ಶಾಣ್ಯಾ ಬಿಡು. ಮೋಟಾರ್ ಹಿಂದ ಬಿದ್ದದ್ದು ಅದಕ್ಕ ತಿಳೀತೈತಿ."

ಕಸ್ತೂರಿ ಕೆಲವು ದಿನ ಕೂತು ಪೆಟ್ಟಿಗೆಗೆ ಹೊಸದೊಂದು ಆಜ್ಞೆ ಬರೆದಳು. ದಿನಾ ಮಧ್ಯಾಹ್ನ ಅದು ಆವರ್ತನವನ್ನು ಮೆಲ್ಲಗೆ ಇಳಿಸುತ್ತ ಬಂದು ಮಗ್ಗಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು. ಬೇರೆ ಶೆಡ್ಡಿನವರು ನಕ್ಕರು. ಓಡುವ ಮಗ್ಗವನ್ನು ನಿಲ್ಲಿಸಲಿಕ್ಕೂ ಯಂತ್ರ ಬೇಕೇನ್ರಿ ಮೇಡಂ, ಎಂದರು. ಈ ಶೆಡ್ಡಿನ ಮಾಲೀಕರೊಬ್ಬರೇ ಅವಳ ಮುಖ ನೋಡಿ ಒಪ್ಪಿದರು.

ಮೊದಲ ದಿನ ಕಸ್ತೂರಿ ಬಾಗಿಲಲ್ಲಿ ನಿಂತು ನೋಡಿದಳು. ಸದ್ದು ಇಳಿಯಿತು, ನಿಂತಿತು. ಎಲ್ಲೋ ಒಂದು ಫ್ಯಾನು ಕಿರುಗುಟ್ಟುವುದೂ ಕೇಳಿಸಿತು. ಹೊಸ ಹುಡುಗಿಯರು ಏನೋ ಕೆಟ್ಟಿತೆಂದು ತಲೆಯೆತ್ತಿದರು, ಆಮೇಲೆ ಒಬ್ಬೊಬ್ಬಳಾಗಿ ಫೋನು ತೆಗೆದು ತಲೆ ತಗ್ಗಿಸಿದರು. ಗುರವ್ವ ಖಾತೂನಬಿಯ ಮಗ್ಗದ ಕಡೆ ತಿರುಗಿದಳು. ಅಲ್ಲೀಗ ಬೇರೆ ಹುಡುಗಿ.

"ಊಟಕ್ಕ ಏನು ತಂದೀಯವ್ವಾ?"

ಹುಡುಗಿ ನೋಡಲಿಲ್ಲ. ಗುರವ್ವ ಕಾದಳು, ಮತ್ತೆ ಕೇಳಿದಳು. ಹುಡುಗಿ ಕಿವಿಯೊಳಗಿನ ಇಯರ್‌ಫೋನು ತೆಗೆದು, "ಏನ್ರೀ ಆಯಿ?" ಅಂದಳು.

ಗುರವ್ವ ಬಾಯಿ ತೆರೆಯುವಷ್ಟರಲ್ಲಿ ಪೆಟ್ಟಿಗೆ ಗುಂಯ್ ಎಂದಿತು. ಮಗ್ಗಗಳೆಲ್ಲ ಒಟ್ಟಿಗೇ ಹೊರಟವು. ಬಾಗಿಲಲ್ಲಿದ್ದ ಕಸ್ತೂರಿಗೆ ಅವ್ವನ ತುಟಿ ಅಲ್ಲಾಡಿದ್ದಷ್ಟೇ ಕಂಡಿತು.