ಕರಿಮಡ್ಡಿ ದವಾಖಾನೆಯ ಮೂರು ಬಾಣಂತಿಯರು

ಇದನ್ನು ಬರೆಯುವ ಅರ್ಹತೆ ನನಗಿದೆಯೇ ಎಂಬುದು ನನಗೇ ಖಾತ್ರಿಯಿಲ್ಲ. ನಾನು ಪೊಲೀಸನಲ್ಲ, ವೈದ್ಯನೂ ಅಲ್ಲ. ಆಗ ಪೊಲೀಸ್ ಜವಾನನಾಗಿದ್ದ ಓಬಳೆಪ್ಪ ಮುದಿವಯಸ್ಸಿನಲ್ಲಿ ಹೇಳಿದ್ದನ್ನು ಕೇಳಿ, ಉರ್ದುವಿನಲ್ಲಿದ್ದ ಠಾಣೆಯ ಹಳೆಯ ಕಾಗದಗಳನ್ನು ಬಲ್ಲವರಿಂದ ಓದಿಸಿಕೊಂಡು ಬರೆದಿದ್ದೇನೆ. ತಪ್ಪಿದ್ದರೆ ತಪ್ಪು ನನ್ನದು, ಕ್ಷಮಿಸಬೇಕು.

1944ನೆಯ ಇಸವಿ ಫೆಬ್ರುವರಿ 9, ಬುಧವಾರ, ಬೆಳಿಗ್ಗೆ ಏಳೂವರೆ. ಕರಿಮಡ್ಡಿಯ ಒಕ್ಕಲಿಗ ಹನಮಪ್ಪ ಯಲಬುರ್ಗಾ ಠಾಣೆಗೆ ಬಂದ. ತಲೆಯ ಮೇಲೆ ರುಮಾಲಿರಲಿಲ್ಲ. ಠಾಣೆಯ ಅಮೀನ, ಎಂದರೆ ಇನ್ಸ್‌ಪೆಕ್ಟರ್, ಹೈದರಸಾಬರು ಕಾಗದ ತೆಗೆದರು.

"ನನ್ನ ಹೇಣ್ತಿ ಹುಲಗಮ್ಮನ್ನ ನರ್ಸಮ್ಮ ಕೊಂದಾಳ್ರಿ."

"ಹೆಂಗ?"

"ಹೆರಿಗಿ ಛಲೋ ಆಗಿತ್ತು. ಮೂರನೇ ದಿನಕ್ಕ ಚಳಿಜ್ವರ, ಐದನೇ ದಿನಕ್ಕ ಹ್ವಾದ್ಲು. ಆಕಿ ಒಬ್ಬಾಕೀನ ಅಲ್ರಿ. ಹದಿನೆಂಟು ದಿನದಾಗ ಮೂರು ಮಂದಿ."

"ಈಗ ದವಾಖಾನ್ಯಾಗ ಯಾರದಾರ?"

ಹನಮಪ್ಪ ತಲೆ ತಗ್ಗಿಸಿದ. "ನನ್ನ ತಂಗಿ ಹಂಪವ್ವ. ಚೊಚ್ಚಲ. ಕೂಸಿನ ಕಾಲು ಕೆಳಗ ಅದಾವ ಅಂತ ಸೂಲಗಿತ್ತಿ ಕೈಬಿಟ್ಟಾಳ. ಕೊಪ್ಪಳಕ್ಕ ಒಯ್ದರ ದಾರ್ಯಾಗ ಆಗತೈತಿ."

ಅಮೀನರು ಎಫ್‌ಐಆರ್ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ವಿಷಪ್ರಯೋಗದ ಶಂಕೆ ಎಂದು ಬರೆದರು. ನರ್ಸಮ್ಮನನ್ನು ಹಿಡಿದು ತಂದರೆ ಹಂಪವ್ವನ ಹೆರಿಗೆ ಮಾಡಿಸುವವರಿಲ್ಲ. ಬಿಟ್ಟರೆ ಆಕೆ ನಾಲ್ಕನೆಯವಳಾಗಬಹುದು.

ಹನ್ನೊಂದಕ್ಕೆ ಅಮೀನರು ಓಬಳೆಪ್ಪನೊಡನೆ ಕರಿಮಡ್ಡಿ ಮುಟ್ಟಿದರು. ದವಾಖಾನೆ ಎಂದರೆ ಎರಡು ಕೋಣೆ, ಒಂದು ಹಿತ್ತಲು. ಡಾಕ್ಟರಮ್ಮ ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ನರ್ಸ್ ಫಕೀರಮ್ಮ ಮತ್ತು ಆಯಾ ಮುದಕಮ್ಮ. ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯಿತು. ಕತ್ತರಿ ಎರಡು, ಇಕ್ಕಳ ಮೂರು, ಹೊಕ್ಕುಳು ಕಟ್ಟುವ ದಾರದುಂಡೆ, ರಬ್ಬರ್ ಕೈಗವಸು ಒಂದು ಜೊತೆ, ಕೈ ತೊಳೆಯುವ ಕಾರ್ಬಾಲಿಕ್ ಔಷಧದ ಬಾಟಲಿ. ಅಮೀನರು ಬಾಟಲಿ ಮೂಸಿದರು. ಕಣ್ಣಲ್ಲಿ ನೀರು ಬಂತು. ಔಷಧಕ್ಕೆ ನೀರು ಬೆರೆಸಿ ಮೋಸ ಮಾಡಿರಲಿಲ್ಲ.

ಫಕೀರಮ್ಮ ಕೈ ಚಾಚಿದಳು. ಔಷಧಕ್ಕೆ ಚರ್ಮ ಬೆಳ್ಳಗೆ ಬಿರಿದಿತ್ತು.

"ಸಾಬಾಣ ಬದಲಿಸಿದೆ, ಹಾಸಿಗಿ ಸುಟ್ಟೆ, ಉಗುರು ದಿನಾ ಕತ್ತರಸ್ತೀನಿ. ಆದ್ರೂ ಜ್ವರ ಬಂತ್ರಿ. ಈ ಕೈಯಾಗ ಏನೋ ಐತಿ ಅನಸ್ತೈತಿ. ಹಂಪವ್ವನ್ನ ಮುಟ್ಟಾಕ ಅಂಜಿಕಿ ಆಗತೈತ್ರಿ."

ಬಾಗಿಲಲ್ಲಿ ನಿಂತಿದ್ದ ಹನಮಪ್ಪ ಅಂದ, "ಕೈ ತೊಳದು ತೊಳದು ಮೂರು ಮನೀನ ತೊಳದಾಳ್ರಿ."

"ಸುಮ್ಮನ ನಿಂದರು," ಎಂದರು ಅಮೀನರು.

ಹೆರಿಗೆಯ ದಫ್ತರ ತೆರೆದರು. ಜನವರಿ ಇಪ್ಪತ್ತೆರಡಕ್ಕೆ ಹಿಂದಿನ ನಲವತ್ತೊಂದು ಹೆರಿಗೆಯಲ್ಲಿ ಒಬ್ಬರಿಗೂ ಜ್ವರವಿಲ್ಲ. ಅಂದು ಬಂದ ಹೆಂಗಸಿನ ಹೆಸರಿನ ಮುಂದೆ 'ಬರುವಾಗಲೇ ಮೈ ಬಿಸಿ' ಎಂದಿತ್ತು. ಆಕೆ ಸತ್ತಳು. ಆಮೇಲೆ ಅದೇ ಕತ್ತರಿ, ಇಕ್ಕಳದಿಂದ ಹೆರಿಗೆ ಮಾಡಿಸಿಕೊಂಡ ಇನ್ನಿಬ್ಬರು ಸತ್ತರು.

"ಕತ್ತರಿ ಕುದಸ್ತೀರಿ?"

"ತಪ್ಪದ ಕುದಸ್ತೀವ್ರಿ."

"ಎಷ್ಟು ಹೊತ್ತು? ಗಡಿಯಾರ ಎಲ್ಲೈತಿ?"

ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು. "ಗದಗಕ್ಕ ರಿಪೇರಿಗೆ ಹೋಗೈತ್ರಿ. ಎರಡು ವರ್ಷಾತು."

"ಅಲ್ಲೇ ಮದಿವಿ ಆಗಿ ಉಳಕೊಂಡೈತೇನು?" ಎಂದ ಓಬಳೆಪ್ಪ.

"ಮುದಕಮ್ಮನ ಹಾಡಿನ ಮ್ಯಾಲ ಅಳೀತೀವ್ರಿ," ಎಂದಳು ಫಕೀರಮ್ಮ. ಮುದಕಮ್ಮ ಗಡಿಗೆಯನ್ನು ಒಲೆಗಿಟ್ಟ ಕೂಡಲೇ ಒಂದು ಬೀಸುವ ಹಾಡು ಹಿಡಿಯುತ್ತಿದ್ದಳು. ಡಾಕ್ಟರಮ್ಮ ಒಮ್ಮೆ ಕೈಗಡಿಯಾರ ಹಿಡಿದು ನೋಡಿದ್ದರು. ಹಾಡು ಮುಗಿಯಲು ನಲವತ್ತು ನಿಮಿಷ. ನೀರು ಕುದಿಗೆ ಬರಲು ಇಪ್ಪತ್ತು, ಕುದಿಯಲು ಇಪ್ಪತ್ತು. ಹಾಡು ಮುಗಿದರೆ ಸಾಮಾನು ಶುದ್ಧ.

"ಈಗ ಕುದಿಸು," ಎಂದರು ಅಮೀನರು.

ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಮುದಕಮ್ಮ ಹಿತ್ತಲ ಒಲೆಗೆ ಗಡಿಗೆ ಏರಿಸಿದಳು. ಅರವತ್ತರ ಮುದುಕಿ, ಸಣ್ಣ ದನಿ. ಅಮೀನರು ಜೇಬುಗಡಿಯಾರ ತೆರೆದು ಕಟ್ಟೆಯ ಮೇಲಿಟ್ಟರು. ಒಳಗೆ ಹಂಪವ್ವ ನರಳುತ್ತಿದ್ದಳು. ಹನ್ನೆರಡು ಇಪ್ಪತ್ತೇಳಕ್ಕೆ ಹಾಡು ನಿಂತಿತು. ಮುದಕಮ್ಮ ಸಾಮಾನು ತೆಗೆದು ತಟ್ಟೆಗಿಟ್ಟು ಬಟ್ಟೆ ಮುಚ್ಚಿದಳು.

"ಆತೇನು?"

"ಆತ್ರಿ."

ಅಮೀನರು ಗಡಿಗೆಯಲ್ಲಿ ಬಗ್ಗಿ ನೋಡಿದರು. ಹಬೆ ಏಳುತ್ತಿತ್ತು. ಒಂದು ಗುಳ್ಳೆಯೂ ಇರಲಿಲ್ಲ.

ಓಬಳೆಪ್ಪ ಮೆಲ್ಲಗೆ ಅಂದ, "ಸಾಹೇಬರ, ನಮ್ಮವ್ವನೂ ಇದನ್ನ ಹಾಡತಾಳ್ರಿ. ಹಾಡಿನ್ಯಾಗ ಬಸುರಿ ಮಗಳ ಬಂಡಿ ತವರಿನ ಬಾಗಲಕ್ಕ ಬಂದು ನಿಂತೈತಿ, ಅಷ್ಟ. ಮಗಳನ್ನ ಇಳಿಸಬೇಕು, ಬಾಣಂತಿಗಿ ನೀರು ಹಾಕಬೇಕು, ತೊಟ್ಟಲ ಕಟ್ಟಬೇಕು. ಅರ್ಧ ಹಾಡು ಬಾಕಿ ಐತ್ರಿ."

"ಎಂದಿನಿಂದ ಬಿಟ್ಟೀದಿ?" ಮುದಕಮ್ಮನ ಕಡೆ ತಿರುಗಿದ ಅಮೀನರ ದನಿ ಗಟ್ಟಿಯಾಗಿತ್ತು.

"ಸಂಕ್ರಾಂತಿ ಆದ ಮ್ಯಾಲ್ರಿ. ಮುಂದಿನ ನುಡಿ ಬಾಯಿಗಿ ಬರವಲ್ದು."

"ಯಾಕ?"

"ನನ್ನ ಮಗಳು ಗಾಳೆಮ್ಮ ಹೋದ್ಲಲ್ರಿ. ಕುಷ್ಟಗಿ ಕಡೆ, ಗಂಡನ ಮನ್ಯಾಗ. ಹೆರಿಗಿ ಬ್ಯಾನಿ ಹತ್ಯಾವ ಅಂತ ಹೇಳಿ ಕಳಿಸಿದ್ರು. ರಜಾ ಸಿಗಲಿಲ್ಲ."

ಫಕೀರಮ್ಮ ಮುದಕಮ್ಮನ ಹತ್ತಿರ ಬಂದಳು. "ಅವತ್ತ ಇಲ್ಲಿ ಇಬ್ಬರು ಹೆರಾಕ ಬಂದಿದ್ರು. ಒಂದ ದಿನ ತಡಿ ಅಂದಿದ್ದೆ, ಯವ್ವಾ."

"ನಾ ತಡದೆ. ಆಕಿ ತಡೀಲಿಲ್ಲ."

ಆಗಲೇ ಹಂಪವ್ವ ಚೀರಿದಳು. ಅಮೀನರು ತಟ್ಟೆಯನ್ನು ತಾವೇ ಎತ್ತಿ ಸಾಮಾನನ್ನೆಲ್ಲ ಮತ್ತೆ ಗಡಿಗೆಗೆ ಸುರಿದರು. ಓಬಳೆಪ್ಪ ಒಲೆಗೆ ಸೌದೆ ತುರುಕಿದ. ಹನ್ನೆರಡು ಮುಕ್ಕಾಲಿಗೆ ನೀರು ಕುದಿಗೆ ಬಂತು. ಒಂದು ಗಂಟೆಯ ಮೊದಲೇ ಫಕೀರಮ್ಮ ಒಳಗಿನಿಂದ ಕೂಗಿದಳು, "ಕಾಲು ಹೊರಗ ಬಂದಾವ್ರಿ!"

ಹನಮಪ್ಪ ಗಡಿಗೆಗೆ ಕೈ ಹಾಕಲು ಹೋದ. "ಕೊಡ್ರಿ! ನನ್ನ ತಂಗಿ ಸಾಯ್ತಾಳ!"

ಅಮೀನರು ಅವನ ರಟ್ಟೆ ಹಿಡಿದರು. "ಈಗ ಕೊಟ್ಟರ ಐದನೇ ದಿನಕ್ಕ ಸಾಯ್ತಾಳ. ಇನ್ನ ಎಂಟು ನಿಮಿಷ."

"ಕತ್ತರಿ ಕೂಸು ಬಂದ ಮ್ಯಾಲ ಬೇಕು," ಎಂದು ಒಳಗಿನಿಂದ ಫಕೀರಮ್ಮನ ದನಿ ಬಂತು. "ನಾ ತಡೀತೀನಿ. ಕುದೀಲಿ." ಅಂಜಿಕೆ ಆ ದನಿಯಲ್ಲಿ ಇನ್ನೂ ಇತ್ತು, ಆದರೆ ಕೈ ಕೆಲಸ ಹಿಡಿದಿತ್ತು.

ಒಂದು ಗಂಟೆ ಐದಕ್ಕೆ ತಟ್ಟೆ ಒಳಗೆ ಹೋಯಿತು. ಒಂದು ಹತ್ತಕ್ಕೆ ಕೂಸು ಅತ್ತಿತು.

ಮಧ್ಯಾಹ್ನ ಮೂರಕ್ಕೆ ಮುದಕಮ್ಮನನ್ನು ದಸ್ತಗಿರಿ ಮಾಡಿದರು. ವಿಷಪ್ರಯೋಗ ಎಂಬುದನ್ನು ಹೊಡೆದು, ನಿಷ್ಕಾಳಜಿಯಿಂದ ಪ್ರಾಣಹಾನಿ ಎಂದು ಬರೆದರು. ಬೇಡಿ ಹಾಕಲಿಲ್ಲ. ಎಷ್ಟೋ ಮಂದಿ ಬಾಣಂತಿಯರಿಗೆ ನೀರು ಕಾಸಿದ ಕೈ ಮಗಳಿಗೆ ಒಂದು ತಂಬಿಗೆ ಕಾಸಲಿಲ್ಲ. ಆ ನೋವು ಹಾಡಿನ ಅರ್ಧದಲ್ಲಿ ಅಡ್ಡ ನಿಂತಿತ್ತು ಎಂದು ಅಮೀನರು ವರದಿಯ ಕೊನೆಗೆ ಟಿಪ್ಪಣಿ ಬರೆದಿದ್ದಾರೆ. ಹಂಪವ್ವನಿಗೆ ಮೂರನೆಯ ದಿನ ಜ್ವರ ಬರಲಿಲ್ಲ, ಐದನೆಯ ದಿನವೂ ಬರಲಿಲ್ಲ.

ಆದರೆ ಮುದಕಮ್ಮನ ಹೇಳಿಕೆ ಬರೆದ ಜವಾಬಿನ ಕಾಗದದಲ್ಲಿ ಒಂದು ಪ್ರಶ್ನೆಯ ಕೆಳಗೆ ಜಾಗ ಖಾಲಿ ಇದೆ. ಅಮೀನರು ಕೇಳಿದ್ದರು, "ಮೊದಲನೇಕಿ ಜ್ವರ ಬಂದು ಸತ್ತಾಗ ನಿನಗ ತಿಳೀಲಿಲ್ಲೇನು? ಮತ್ತ ಅರ್ಧಕ್ಕ ಯಾಕ ಇಳಿಸಿದಿ?" ಮುದಕಮ್ಮ ಒಲೆಯ ಕಡೆ ನೋಡುತ್ತ ಕುಳಿತಳು. ಆಕೆಗೆ ತಿಳಿಯಲಿಲ್ಲವೇ, ತಿಳಿದೂ ನುಡಿ ಬರಲಿಲ್ಲವೇ, ಇಲ್ಲ ರಜೆ ಕೊಡದ ನರ್ಸಮ್ಮನ ಹೆಸರು ಕೆಡಲಿ ಎಂದು ಸುಮ್ಮನಿದ್ದಳೇ? ಓಬಳೆಪ್ಪನನ್ನು ನಾನು ಎರಡು ಸಲ ಕೇಳಿದೆ. ಎರಡು ಸಲವೂ ಅವನು ಗೊತ್ತಿಲ್ಲವೆಂದು ತಲೆಯಾಡಿಸಿದ. ಕೋರ್ಟು ಏನು ತೀರ್ಮಾನ ಮಾಡಿತೋ, ಆ ಕಾಗದ ನನಗೆ ಸಿಗಲಿಲ್ಲ. ನನಗೆ ಗೊತ್ತಿಲ್ಲ.