ಮಾದರಿ ಕೈ

೨೦೬೧ರ ಒಂದು ಭಾನುವಾರದ ಬೆಳಿಗ್ಗೆ, ಮೈಸೂರಿನ ಗಾಲ್ಫ್ ಮೈದಾನದಲ್ಲಿ ಭರತರಾಜ ಅರಸರು ಎರಡೂ ಕೈಗೆ ನೋವು ತಗ್ಗಿಸುವ ಬೂದುಬಣ್ಣದ ತೆಳುಗವಸು ಹಾಕಿಕೊಂಡು ನಿಂತಿದ್ದರು. ಸಂಧಿವಾತದಿಂದ ಬೆರಳ ಗೆಣ್ಣುಗಳು ಊದಿ ಅವರು ಆಟ ಬಿಟ್ಟು ವರ್ಷಗಳೇ ಆಗಿದ್ದವು. ಇವತ್ತು ಈ ಗವಸು ಕೈ ಹಿಡಿದರೆ ಮತ್ತೆ ಆಟ; ಇಲ್ಲವಾದರೆ ಕೋಲುಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡುವುದೆಂದು ಮನೆಯಲ್ಲೇ ತೀರ್ಮಾನ ಮಾಡಿ ಬಂದಿದ್ದರು.

"ವ್ಯಾಕರಣದಲ್ಲಿ ಸಂಧಿ ಆದ್ರೆ ಒಂದಕ್ಷರ ಹೋಗತ್ತೆ ಡಾಕ್ಟ್ರೇ, ನನಗೆ ಜೀವವೇ ಹೋಗತ್ತೆ," ಎಂದು ನಕ್ಕು, ತಮ್ಮ ಮೂಳೆವೈದ್ಯರ ಮೂಗುದನಿಯನ್ನು ಅಣಕಿಸಿ "ಅಡ್ಜಸ್ಟ್ ಮಾಡ್ಕೋಬೇಕು ಅರಸ್, ವಯಸ್ಸಾಯ್ತಲ್ಲ" ಎಂದರು. ಗವಸನ್ನು ಕಂಡುಹಿಡಿದ ಡಾ. ಇಬ್ಬನಿ ನಗುತ್ತಲೇ ಮಣಿಕಟ್ಟಿನ ಗುಂಡಿ ಒತ್ತಿದಳು.

ಅರಸರು ಕೋಲು ಬೀಸಿದರು. ಚೆಂಡು ಮಾರುದ್ದ ಉರುಳಿತು. ಕೋಲು ಕೆಳಗೆ ಬಿತ್ತು, ಹಿಂದೆಯೇ ಅರಸರು ಹುಲ್ಲಿನ ಮೇಲೆ ಕುಸಿದು ಕೂತರು. ಮುಖದಲ್ಲಿ ರಕ್ತವಿರಲಿಲ್ಲ.

"ತೆಗೀರಿ," ಎಂದರು. ಅದು ಯಾರ ಅನುಕರಣೆಯೂ ಅಲ್ಲದ, ಅವರದೇ ದನಿ. "ಬರಿಗೈಯಲ್ಲಿ ಆಡ್ದಾಗಲೂ ಇಷ್ಟು ನೋವು ನಾನು ಕಂಡಿಲ್ಲ."

ಇಬ್ಬನಿ ಗವಸು ಬಿಚ್ಚಿದಳು. ಎಲ್ಲಿ ತಪ್ಪಾಯಿತೆಂದು ಅವಳಿಗೆ ಹೊಳೆಯಲಿಲ್ಲ. ನೋವನ್ನು ಪೂರ್ತಿ ಅಳಿಸುವ ಗವಸು ಅಪಾಯಕಾರಿ. ನೋವೇ ಇಲ್ಲದವನು ಹಿಡಿತ ಬಿಗಿಮಾಡಿ ಮೂಳೆ ಮುರಿದುಕೊಂಡರೂ ಅವನಿಗೆ ತಿಳಿಯುವುದಿಲ್ಲ. ಹಾಗಾಗಿ ಆರೋಗ್ಯವಂತರೊಬ್ಬರ ಕೈಯ ನರಸಂಕೇತಗಳನ್ನು ಮೊದಲು ದಾಖಲಿಸಿಕೊಂಡು, ತೊಟ್ಟವರ ಕೈಯನ್ನು ಅದಕ್ಕೆ ಸರಿಹೊಂದಿಸುವಂತೆ ಅವಳು ಇದನ್ನು ರೂಪಿಸಿದ್ದಳು. ಸಂಕೇತ ಹೆಚ್ಚಿದ್ದರೆ ಗವಸು ತಗ್ಗಿಸುತ್ತದೆ. ಜೋಮು ಹಿಡಿದ ಕೈಯಾದರೆ ಏರಿಸುತ್ತದೆ. ದಾಖಲಾದ ಕೈಗೆ 'ಮಾದರಿ ಕೈ' ಎಂದು ಹೆಸರು. ಅದು ಅದೇ ವಯಸ್ಸಿನವರದು, ಸಾಧ್ಯವಾದರೆ ಅದೇ ಮನೆಯವರದು ಆಗಿರಬೇಕು.

ಅರಸರ ಮನೆಯಲ್ಲಿ ಆ ಕೈ ಕೊಟ್ಟವರು ಅವರ ಹೆಂಡತಿ ಚೈತ್ರಾ. ಕೈನೋವು ಏನಾದರೂ ಇದೆಯೇ ಎಂದು ಇಬ್ಬನಿ ಕೇಳಿದಾಗ, "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಎಂದಿದ್ದರು. "ಕೈ ನೋವು ಅಂತ ಇವಳ ಬಾಯಲ್ಲಿ ನಾನು ಕೇಳೇ ಇಲ್ಲ," ಎಂದು ಅರಸರೂ ಸಾಕ್ಷಿ ಹೇಳಿದ್ದರು.

ಈಗ ಇಬ್ಬನಿ ಗವಸನ್ನು ತನ್ನ ಕೈಗೇ ಹಾಕಿಕೊಂಡು, ಬಿದ್ದಿದ್ದ ಕೋಲನ್ನು ಹಿಡಿದಳು. ಹೆಬ್ಬೆರಳ ಬುಡದಿಂದ ಮೊಣಕೈವರೆಗೆ ಬೆಂಕಿ ಎಳೆದಂತಾಯಿತು. ಕೋಲು ತಾನಾಗಿ ಜಾರಿತು. ಗವಸಿನ ಮಣಿಕಟ್ಟಿನ ಪುಟ್ಟ ತೆರೆಯ ಮೇಲೆ ಎರಡು ಸಂಕೇತದ ಗೆರೆಗಳು, ಅವಳ ಕೈಯದೂ ಮಾದರಿ ಕೈಯದೂ, ಒಂದರ ಮೇಲೊಂದು ಕೂದಲೆಳೆಯಷ್ಟೂ ಆಚೀಚೆಯಾಗದೆ ಹರಿಯುತ್ತಿದ್ದವು.

"ಸರ್, ಗವಸು ಕೆಟ್ಟಿಲ್ಲ," ಎಂದಳು.

"ಮತ್ತೆ ಈ ನೋವು ಯಾರದು?"

ಉತ್ತರ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಇಬ್ಬರೂ ತಿರುಗಿ ನೋಡಿದರು. ಮರದ ಕೆಳಗಿನ ಬೆಂಚಿನ ಮೇಲೆ ಕೂತು ಚೈತ್ರಾ ಯಾರದೋ ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದರು. ಹೆಬ್ಬೆರಳೂ ತೋರುಬೆರಳೂ ದಾರವನ್ನು ತಿರುವಿ ಗಂಟು ಬಿಗಿದು ಮುಂದಿನ ಎಳೆಗೆ ಹೋಗುತ್ತಿದ್ದವು.

"ಏನಾಯ್ತ್ರೀ? ನೆಲದ ಮೇಲೆ ಯಾಕೆ ಕೂತ್ರಿ?"

ಇಬ್ಬನಿ ಹತ್ತಿರ ಹೋದಳು. "ಆಂಟಿ, ನಿಮಗೆ ಕೈ ನೋಯಲ್ವಾ?"

"ಇಲ್ಲಮ್ಮ. ಕೈ ಅಂದ್ಮೇಲೆ ಇರೋ ಅಷ್ಟು ಇರತ್ತೆ."

"ಎಷ್ಟು?"

"ಎಲ್ಲರಿಗೂ ಇರೋ ಅಷ್ಟು."

ಪ್ರಯೋಗಕ್ಕೆ ಆರಿಸಿದ್ದ ಬೇರೆ ಮನೆಗಳಲ್ಲೂ ಇಬ್ಬನಿ ಕೇಳಿದ್ದು ಅದೇ ಪ್ರಶ್ನೆ. ಏನೂ ಇಲ್ಲ ಎಂದವರನ್ನು ಆರೋಗ್ಯವಂತರೆಂದು ಬರೆದುಕೊಂಡಿದ್ದಳು. ಹಾಗೆಂದವರಲ್ಲಿ ಹೆಚ್ಚಿನವರು ಹೆಂಗಸರು.

ಅವಳು ತನ್ನ ಕೈಯನ್ನೇ ಮಾದರಿಯಾಗಿ ದಾಖಲಿಸಿದಳು. "ಇದು ಮೂವತ್ತರ ಕೈ ಸರ್, ಆಟಕ್ಕಾಗಲ್ಲ. ಒಂದ್ನಿಮಿಷ ಹಾಕ್ಕೊಂಡು ನೋಡ್ಬಹುದು ಅಷ್ಟೆ. ತಗೊಳ್ಳಿ."

ಅರಸರು ಗವಸನ್ನು ತೆಗೆದುಕೊಂಡು ಹೆಂಡತಿಯ ಮುಂದೆ ಬಗ್ಗಿ ಕೂತರು.

"ಅಯ್ಯೋ, ನಾನೇನು ಗಾಲ್ಫ್ ಆಡ್ತೀನಾ? ಸೀರೆ ಮಧ್ಯಾಹ್ನಕ್ಕೆ ಕೊಡ್ಬೇಕು."

"ಕೊಡುವಿಯಂತೆ. ಕೈ ಚಾಚು."

ತಮ್ಮ ಊದಿದ ಬೆರಳುಗಳಿಂದ ಅರಸರು ಒಂದೊಂದೇ ಬೆರಳಿಗೆ ಗವಸು ಏರಿಸಿದರು. ಇಷ್ಟು ವರ್ಷದಲ್ಲಿ ಹೆಂಡತಿಯ ಗೆಣ್ಣುಗಳನ್ನು ಅವರು ಮುಟ್ಟಿ ನೋಡಿದ್ದು ಇದೇ ಮೊದಲು. ತಮ್ಮವಕ್ಕಿಂತ ಗಟ್ಟಿಯಾಗಿ ಗಂಟು ಕಟ್ಟಿದ್ದವು. ಇಬ್ಬನಿ ಗುಂಡಿ ಒತ್ತಿದಳು.

ಚೈತ್ರಾ ಮುಷ್ಟಿ ಹಿಡಿದರು, ಬಿಚ್ಚಿದರು. ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಮನೆಗೆ ಬಂದಾಗ ಬಾಗಿಲು ತೆರೆದೇ ಇರುವುದನ್ನು ಕಂಡವರ ದಿಗಿಲಿತ್ತು. ಮಡಿಲಿನಿಂದ ಸೀರೆ ಜಾರಿ ಬಿದ್ದರೂ ಎತ್ತಿಕೊಳ್ಳಲಿಲ್ಲ.

"ನಿನ್ನ ಕೈ ಯಾವಾಗ್ಲೂ ಹೀಗೇ ಇರತ್ತೇನಮ್ಮ?"

ಇಬ್ಬನಿ ಹೌದೆಂದು ತಲೆಯಾಡಿಸಿದಳು.

ಚೈತ್ರಾ ಗಂಡನ ಕಡೆಗೆ ತಿರುಗಿದರು. "ಕಾಯಿಲೆ ಬರೋಕ್ಮುಂಚೆ ನಿಮಗೂ ಹೀಗೇ ಇತ್ತೇನ್ರೀ?"